ನಿಮ್ಮೂರಿನ ರಸ್ತೆಗಳ ಸ್ಥಿತಿ ಅಳೆಯುವುದು ಹೇಗೆ: ಬೀದಿಯಿಂದ ಕ್ರಿಯಾ ಯೋಜನೆಯವರೆಗೆ

ಮಳೆ ನಿಂತು ಒಂದು ಗಂಟೆ ಆದ ಮೇಲೆ ನಿಮ್ಮ ಬೀದಿಗೆ ಹೋಗಿ ನಿಂತು ನೋಡಿ. ಬಿಸಿಲು ಬಿದ್ದು ಡಾಂಬರಿನ ಮೇಲ್ಭಾಗ ಒಣಗಿರುತ್ತದೆ, ಆದರೆ ಬಿರುಕಿನೊಳಗೆ ಇಳಿದ ನೀರು ಇನ್ನೂ ಆರಿರುವುದಿಲ್ಲ. ಒಣಗಿದ ಬೂದು ರಸ್ತೆಯ ಮೇಲೆ ಒಂದೊಂದು ಬಿರುಕೂ ಕಪ್ಪು ಗೆರೆ ಎಳೆದ ಹಾಗೆ ಎದ್ದು ಕಾಣುತ್ತದೆ. ನಿನ್ನೆಯವರೆಗೆ ಚೆನ್ನಾಗಿಯೇ ಇದೆ ಅಂದುಕೊಂಡಿದ್ದ ರಸ್ತೆಯಲ್ಲಿ ಬಲೆ ಹರಡಿದ ಹಾಗೆ ಬಿರುಕು. ಒಂದು ಗುಂಡಿಯೂ ಇಲ್ಲ. ಯಾರೂ ದೂರು ಕೊಟ್ಟಿಲ್ಲ. ಆದರೆ ಹಾಗೇ ಬಿಟ್ಟರೆ ಇನ್ನೆರಡು ಮಳೆಗಾಲ ಕಳೆಯುವಷ್ಟರಲ್ಲಿ ಆ ರಸ್ತೆ ಕೈಬಿಟ್ಟು ಹೋಗಬಹುದು.

ರಸ್ತೆ ಸಮೀಕ್ಷೆ ಮಾಡುವುದು ಮುಖ್ಯವಾಗಿ ಇಂಥ ರಸ್ತೆಗಳನ್ನು ಹುಡುಕುವುದಕ್ಕೆ. ಗುಂಡಿ ಬಿದ್ದ ರಸ್ತೆ ಯಾವುದು ಅಂತ ತಿಳಿಯಲು ಸಮೀಕ್ಷೆ ಬೇಕಿಲ್ಲ, ಆಟೋದವರನ್ನು ಕೇಳಿದರೆ ಸಾಕು. ನಾನು ಹಲವು ವರ್ಷ ಸಣ್ಣ ಊರುಗಳ ಪುರಸಭೆ, ನಗರಸಭೆಗಳಲ್ಲಿ ರಸ್ತೆ ಕೆಲಸ ನೋಡಿಕೊಂಡವನು. ಪ್ರತಿ ವರ್ಷ ಒಂದೇ ಕಥೆ. ಅತಿ ಕೆಟ್ಟ ರಸ್ತೆಗಳ ಪಟ್ಟಿ ಬರುತ್ತದೆ, ಇದ್ದ ದುಡ್ಡೆಲ್ಲ ಅವಕ್ಕೇ ಹೋಗುತ್ತದೆ, ಅಷ್ಟರಲ್ಲಿ ಇನ್ನೂ ಉಳಿಸಬಹುದಾಗಿದ್ದ ನಾಲ್ಕು ರಸ್ತೆಗಳು ಕೆಟ್ಟು ಮುಂದಿನ ವರ್ಷದ ಪಟ್ಟಿಗೆ ಸೇರಿರುತ್ತವೆ. ಬಿರುಕು ಮುಚ್ಚಿ ಚರಂಡಿ ಬಿಡಿಸಿದ್ದರೆ ಮುಗಿಯುತ್ತಿದ್ದ ಕೆಲಸಕ್ಕೆ ಆಮೇಲೆ ಹಲವು ಪಟ್ಟು ಖರ್ಚು. ಇದನ್ನು ತಪ್ಪಿಸುವ ಸಮೀಕ್ಷೆಗೆ ದೊಡ್ಡ ಯಂತ್ರ ಬೇಕಿಲ್ಲ. ನಡೆಯುವ ಕಾಲು, ನೋಡುವ ಕಣ್ಣು, ಒಂದು ಟೇಪು ಸಾಕು. ಹೊಸದಾಗಿ ಸೇರಿದ ಜೂನಿಯರ್ ಇಂಜಿನಿಯರ್‌ಗಳಿಗೆ (ಜೆಇ), ವಾರ್ಡ್ ಸಮಿತಿಯವರಿಗೆ, ಬಡಾವಣೆ ಸಂಘದವರಿಗೆ ಉಪಯೋಗ ಆಗಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಹೊರಡುವ ಮೊದಲು ಕಚೇರಿ ಕೆಲಸ

ಮೊದಲು ರಸ್ತೆಗಳ ಪಟ್ಟಿ ಸರಿ ಮಾಡಿಕೊಳ್ಳಿ. ಕೇಳೋಕೆ ಸುಲಭ, ಆದರೆ ಅರ್ಧ ಗೋಜಲು ಇಲ್ಲೇ ಇರುತ್ತದೆ. ಒಂದೇ ರಸ್ತೆಯನ್ನು ಒಂದು ಕಡತದಲ್ಲಿ "ಮಾರಮ್ಮನ ಗುಡಿ ರಸ್ತೆ" ಅಂತಲೂ, ಇನ್ನೊಂದರಲ್ಲಿ "ಇಂಥವರ ಮನೆಯಿಂದ ಇಂಥವರ ಮನೆವರೆಗೆ" ಅಂತಲೂ ಬರೆದಿರುತ್ತಾರೆ. ಮನೆ ಮಾರಾಟವಾದರೆ ರಸ್ತೆಯ ಹೆಸರೂ ಹೋಯಿತು, ಅಲ್ವಾ? ಹಾಗಾಗಿ ಪ್ರತಿ ರಸ್ತೆಗೂ ಒಂದು ನಂಬರು ಕೊಡಿ. ವಾರ್ಡ್ ನಂಬರು ಮುಂದೆ, ರಸ್ತೆ ನಂಬರು ಹಿಂದೆ. ಎಲ್ಲಿ ಶುರು, ಎಲ್ಲಿ ಮುಗಿಯುತ್ತದೆ ಅನ್ನುವುದನ್ನು ಅಲುಗಾಡದ ಗುರುತಿನಿಂದ ಹೇಳಿ. ಕೂಡುರಸ್ತೆ, ಅಡ್ಡಮೋರಿ, ಟ್ರಾನ್ಸ್‌ಫಾರ್ಮರ್ ಇಂಥವು. ಮೊಬೈಲಿನಲ್ಲಿ ಎರಡೂ ತುದಿಯ ಲೊಕೇಶನ್ ಉಳಿಸಿಕೊಂಡರೆ ಇನ್ನೂ ಒಳ್ಳೆಯದು.

ಊರೊಳಗೆ ಹೋಗುವ ಎಲ್ಲ ರಸ್ತೆಯೂ ಪುರಸಭೆಯದ್ದಲ್ಲ ಅನ್ನುವುದನ್ನು ಮರೆಯಬೇಡಿ. ರಾಜ್ಯ ಹೆದ್ದಾರಿ, ಜಿಲ್ಲಾ ಮುಖ್ಯ ರಸ್ತೆಗಳು ಲೋಕೋಪಯೋಗಿ ಇಲಾಖೆಯವು. ಪಟ್ಟಿಯಲ್ಲಿ ಅವೂ ಇರಲಿ, ಆದರೆ ಪಕ್ಕದಲ್ಲಿ ಯಾರದ್ದು ಅಂತ ಬರೆಯಿರಿ. ಇಲ್ಲದಿದ್ದರೆ ಕ್ರಿಯಾ ಯೋಜನೆ ಮಂಜೂರಾತಿಗೆ ಹೋದಾಗ ಆಕ್ಷೇಪಣೆ ಬಂದು ಆರು ತಿಂಗಳು ಹೋಗುತ್ತದೆ.

ಆಮೇಲೆ ಪ್ರತಿ ರಸ್ತೆಗೂ ಇಷ್ಟು ಹುಡುಕಿ: ಉದ್ದ, ಅಗಲ, ಡಾಂಬರೋ ಕಾಂಕ್ರೀಟೋ ಇಂಟರ್‌ಲಾಕೋ, ಕೊನೆಗೆ ಯಾವ ವರ್ಷ ಕೆಲಸ ಆಯಿತು, ಗುತ್ತಿಗೆದಾರರ ದೋಷ ಹೊಣೆಗಾರಿಕೆ ಅವಧಿ, ಅಂದರೆ ಕಚೇರಿಯಲ್ಲಿ ಎಲ್ಲರೂ ಡಿಎಲ್‌ಪಿ ಅನ್ನುವುದು, ಯಾವತ್ತಿಗೆ ಮುಗಿಯುತ್ತದೆ. ಈ ಕೊನೆಯ ತಾರೀಖನ್ನು ಕೆಂಪು ಶಾಯಿಯಲ್ಲಿ ಬರೆಯಿರಿ. ಆ ಅವಧಿಯೊಳಗೆ ರಸ್ತೆ ಕೆಟ್ಟರೆ ಗುತ್ತಿಗೆದಾರರೇ ತಮ್ಮ ಖರ್ಚಿನಲ್ಲಿ ಸರಿಮಾಡಿ ಕೊಡಬೇಕು. ನೋಟಿಸ್ ಕೊಡುವವರಿಲ್ಲದೆ ಅವಧಿ ಮುಗಿದು, ಭದ್ರತಾ ಠೇವಣಿ ವಾಪಸ್ ಹೋಗಿ, ಅದೇ ರಸ್ತೆಗೆ ಜನರ ದುಡ್ಡಲ್ಲಿ ಮತ್ತೆ ತೇಪೆ ಹಾಕಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ತುಂಬಾ ಬೇಸರವಾಗುತ್ತದೆ.

ಇನ್ನೊಂದು ಮಾಹಿತಿ ಕಡತದಲ್ಲಿ ಸಿಗುವುದಿಲ್ಲ: ನೆಲದೊಳಗೆ ಏನಿದೆ, ಮುಂದೆ ಏನು ಬರಲಿದೆ. ನೀರಿನ ಪೈಪ್ ಎಲ್ಲಿದೆ, ಒಳಚರಂಡಿ ಆಗಿದೆಯೋ ಇಲ್ಲವೋ, ಗ್ಯಾಸ್ ಲೈನಿನವರು, ಕೇಬಲಿನವರು ಅಗೆಯಲು ಅರ್ಜಿ ಕೊಟ್ಟಿದ್ದಾರೋ. ಇದಕ್ಕೆ ನೀರು ಬಿಡುವ ವಾಲ್ವ್‌ಮ್ಯಾನ್ ಒಬ್ಬರನ್ನು ಹಿಡಿದರೆ ಸಾಕು. ಯಾವ ಬೀದಿಯಲ್ಲಿ ಯಾವ ಕಾಲದ ಪೈಪ್, ಎಲ್ಲಿ ಪದೇ ಪದೇ ಒಡೆಯುತ್ತದೆ ಎಲ್ಲ ಅವರ ಬಾಯಲ್ಲಿರುತ್ತದೆ.

ಯಾವಾಗ ನಡೆಯಬೇಕು

ಎರಡು ಸಲ. ಒಂದು ಸುತ್ತು ಮಳೆ ಬರುತ್ತಿರುವಾಗಲೇ, ಜೂನ್ ಜುಲೈನಲ್ಲಿ, ನೀರು ಎಲ್ಲಿ ನಿಲ್ಲುತ್ತದೆ ಅಂತ ನೋಡುವುದಕ್ಕೆ ಮಾತ್ರ. ಕೊಡೆ ಹಿಡಿದು ಹೋಗಿ, ನೀರು ನಿಂತ ಜಾಗದ ಫೋಟೋ ತೆಗೆದು ಬನ್ನಿ, ಅಷ್ಟೇ. ಮುಖ್ಯ ಸಮೀಕ್ಷೆ ಮಳೆಗಾಲ ಮುಗಿದ ಮೇಲೆ, ನಮ್ಮಲ್ಲಿ ನವೆಂಬರ್ ಸುಮಾರಿಗೆ. ಮಳೆ ಮಾಡಿದ ಹಾನಿ ಪೂರ್ತಿ ಕಾಣುತ್ತದೆ. ಅಂದಾಜು ಪಟ್ಟಿ, ಟೆಂಡರ್ ಎಲ್ಲ ಮುಗಿದು ಮೇ ಒಳಗೆ ಡಾಂಬರು ಕೆಲಸ ಆಗಬೇಕು ಅಂದರೆ ಅದಕ್ಕಿಂತ ತಡಮಾಡುವ ಹಾಗಿಲ್ಲ. ಏಪ್ರಿಲ್‌ನಲ್ಲಿ ಸಮೀಕ್ಷೆ ಮಾಡಿದರೆ ಕೆಲಸ ಮಳೆಗೆ ಸಿಕ್ಕಿಕೊಳ್ಳುತ್ತದೆ.

ಬೆಳಗ್ಗೆ ಏಳರಿಂದ ಹತ್ತರವರೆಗೆ ನಡೆಯಿರಿ. ಬಿಸಿಲು ಓರೆಯಾಗಿ ಬೀಳುವುದರಿಂದ ಉಬ್ಬು ತಗ್ಗು ನೆರಳಿನಲ್ಲಿ ಗೊತ್ತಾಗುತ್ತದೆ. ನಡುಮಧ್ಯಾಹ್ನ ಎಲ್ಲ ರಸ್ತೆಯೂ ಸಮತಟ್ಟಾಗಿಯೇ ಕಾಣುತ್ತದೆ. ಬೈಕಿನಲ್ಲಿ ಹೋಗಿ ನೋಡಿ ಬರುತ್ತೇನೆ ಅನ್ನಬೇಡಿ, ಬೈಕಿನಿಂದ ಗುಂಡಿ ಕಾಣುತ್ತದೆ, ಬಿರುಕು ಕಾಣುವುದಿಲ್ಲ.

ಕೈಯಲ್ಲಿ ಏನಿರಬೇಕು? 30 ಮೀಟರ್ ಟೇಪು, ಸ್ಟೀಲ್ ಸ್ಕೇಲು, ಸೀಮೆಸುಣ್ಣ, ಒಂದು ಗಟ್ಟಿ ಸ್ಕ್ರೂಡ್ರೈವರ್, ಎರಡು ಬಾಟಲಿ ನೀರು, ಗಾರೆ ಕೆಲಸದವರು ಬಳಸುವ 3 ಮೀಟರ್ ಉದ್ದದ ಅಲ್ಯೂಮಿನಿಯಂ ಪಟ್ಟಿ. ಮೂರು ಜನ ಬೇಕು: ಒಬ್ಬರು ಅಳೆಯಲು, ಒಬ್ಬರು ಬರೆಯಲು, ಮೂರನೆಯವರು ಬರುವ ಗಾಡಿಗಳ ಮೇಲೆ ಕಣ್ಣಿಡಲು. ಹೊಳೆಯುವ ಜಾಕೆಟ್ ಹಾಕಿಕೊಳ್ಳದೆ ರಸ್ತೆ ಮಧ್ಯೆ ಕೂತು ಅಳೆಯಬೇಡಿ. ಇದು ಸುಮ್ನೆ ಹೇಳುವ ಮಾತಲ್ಲ.

ರಸ್ತೆಯನ್ನು ತುಂಡು ಮಾಡಿ

ಇಡೀ ರಸ್ತೆಗೆ ಒಂದೇ ಅಂಕ ಕೊಡಬೇಡಿ. 50 ಮೀಟರ್‌ಗೆ ಒಂದು ತುಂಡು ಅಂತ ಮಾಡಿ, ಪ್ರತಿ ತುಂಡನ್ನೂ ಬೇರೆ ಬೇರೆ ಅಳೆದು, ಒಂದೊಂದಕ್ಕೂ ಒಂದು ಹಾಳೆಯಲ್ಲಿ ಬರೆಯಿರಿ. ರಸ್ತೆಯ ಅಗಲ ಬದಲಾದಲ್ಲಿ, ಡಾಂಬರು ಮುಗಿದು ಕಾಂಕ್ರೀಟ್ ಶುರುವಾದಲ್ಲಿ ಹೊಸ ತುಂಡು.

ಯಾಕೆ ಅಂತ ಒಂದು ಲೆಕ್ಕದಿಂದ ಹೇಳುತ್ತೇನೆ. 160 ಮೀಟರ್ ಉದ್ದ, 5.5 ಮೀಟರ್ ಅಗಲದ ರಸ್ತೆ ಅಂತಿಟ್ಟುಕೊಳ್ಳಿ. ಒಟ್ಟು 880 ಚದರ ಮೀಟರ್. 50, 50, 60 ಮೀಟರಿನ ಮೂರು ತುಂಡು ಮಾಡಿದಿರಿ. ನಡುವಿನ ತುಂಡಿನಲ್ಲಿ ಮಾತ್ರ ಎರಡು ಕಡೆ ಬಲೆಯಂಥ ಬಿರುಕು: ಒಂದು 8 ಮೀಟರ್ ಉದ್ದ 2.5 ಅಗಲ, ಇನ್ನೊಂದು 3 ಉದ್ದ 2 ಅಗಲ. ಎರಡೂ ಸೇರಿ 26 ಚದರ ಮೀಟರ್. ಇಡೀ ರಸ್ತೆಗೆ ಹಂಚಿದರೆ ಶೇ. 3. ಪರವಾಗಿಲ್ಲ ಬಿಡಿ ಅನ್ನಿಸುತ್ತದೆ. ಆದರೆ ಆ ತುಂಡಿನ ವಿಸ್ತೀರ್ಣ 275 ಚದರ ಮೀಟರ್ ಮಾತ್ರ, ಅದರಲ್ಲಿ ಶೇ. 9.5 ಬಿರುಕು. ಅಲ್ಲಿ ಕೆಳಗಡೆ ಏನೋ ಆಗಿದೆ ಅಂತ ಅದು ಕೂಗಿ ಹೇಳುತ್ತಿದೆ. ಸರಾಸರಿ ತೆಗೆದಾಗ ಆ ಕೂಗು ಮುಚ್ಚಿ ಹೋಗುತ್ತದೆ. ಜೊತೆಗೆ ಇನ್ನೊಂದು ಲಾಭ: 26 ಚದರ ಮೀಟರನ್ನು ಸ್ವಲ್ಪ ಅಗಲಿಸಿ ಅಗೆದು ಸರಿಮಾಡಿದರೆ ಮುಗಿಯುವ ಕೆಲಸಕ್ಕೆ 880 ಚದರ ಮೀಟರ್ ಪೂರ್ತಿ ಡಾಂಬರು ಹಾಕುವ ಅಂದಾಜು ಪಟ್ಟಿ ತಯಾರಾಗುವುದಿಲ್ಲ.

ಬಿರುಕುಗಳನ್ನು ಓದುವುದು

ಇದು ಈ ಕೆಲಸದ ಜೀವ. ಇಲ್ಲಿ ನಿಧಾನವಾಗಿ ಹೋಗಿ.

ಎಲ್ಲಕ್ಕಿಂತ ಮೊದಲು ಹುಡುಕಬೇಕಾದದ್ದು ಮೊಸಳೆ ಚರ್ಮದ ಬಿರುಕು. ಅಂಗೈ ಅಗಲದ ಸಣ್ಣ ಸಣ್ಣ ತುಂಡುಗಳು ಒಂದಕ್ಕೊಂದು ಅಂಟಿಕೊಂಡ ಹಾಗಿರುತ್ತವೆ. ಹೆಚ್ಚಾಗಿ ಗಾಡಿಗಳ ಚಕ್ರ ಓಡುವ ಜಾಡಿನಲ್ಲಿ ಬರುತ್ತದೆ. ಮೇಲಿನ ಡಾಂಬರು ಭಾರಕ್ಕೆ ಬಗ್ಗಿ ಬಗ್ಗಿ ದಣಿದಿದೆ, ಅಥವಾ ಕೆಳಗಿನ ಜಲ್ಲಿ ಪದರಕ್ಕೆ ನೀರು ಹೋಗಿ ಮೆತ್ತಗಾಗಿದೆ ಅಂತ ಅರ್ಥ. ಅಲ್ಲಿ ಕೂತು ಹತ್ತಿರದಿಂದ ನೋಡಿ. ಬಿರುಕಿನ ಬಾಯಲ್ಲಿ ಕೆಂಪು ಅಥವಾ ಬಿಳಿ ಮಣ್ಣು ಒಣಗಿ ಅಂಟಿಕೊಂಡಿದೆಯಾ? ಹಾಗಿದ್ದರೆ ಗಾಡಿ ಹೋದಾಗಲೆಲ್ಲ ಒಳಗಿನ ನೀರು ನುಣುಪು ಮಣ್ಣನ್ನು ಹೊತ್ತು ಮೇಲೆ ಚಿಮ್ಮಿದೆ. ಅಡಿಪಾಯವೇ ಸ್ವಲ್ಪ ಸ್ವಲ್ಪ ಹೊರಗೆ ಬರುತ್ತಿದೆ. ಸ್ಕ್ರೂಡ್ರೈವರ್ ಬಿರುಕಿಗೆ ಹಾಕಿ ಮೆಲ್ಲಗೆ ಎತ್ತಿ ನೋಡಿ. ತುಂಡು ಅಲುಗಾಡಿದರೆ ಬರುವ ಮಳೆಗೆ ಅಲ್ಲಿ ಗುಂಡಿ ಖಂಡಿತ.

ಇದರ ಮೇಲೆ ಹೊಸ ಡಾಂಬರು ಹಾಕಿದರೆ ಏನಾಗುತ್ತದೆ? ನಾನೇ ಮಾಡಿದ ತಪ್ಪು ಹೇಳುತ್ತೇನೆ. ಒಂದು ಶಾಲೆ ರಸ್ತೆ, ಗೇಟಿನ ಮುಂದೆ ಹತ್ತು ಹನ್ನೆರಡು ಮೀಟರ್ ಮೊಸಳೆ ಚರ್ಮ. ಜೂನ್‌ಗೆ ಶಾಲೆ ಶುರುವಾಗುತ್ತದೆ, ಬೇಗ ಮುಗಿಸಿ ಅಂತ ಒತ್ತಡ. ಅಗೆಯದೆ ಮೇಲೆಯೇ ಹೊಸ ಪದರ ಹಾಕಿಸಿದೆ. ಆಗಸ್ಟ್‌ಗೆ ಅದೇ ಜಾಗದಲ್ಲಿ, ಅದೇ ಆಕಾರದಲ್ಲಿ ಬಿರುಕು ಮೇಲೆ ಬಂತು. ಆಮೇಲೆ ಅಗೆಸಿ ನೋಡಿದರೆ ಒಂದೂವರೆ ಅಡಿ ಕೆಳಗೆ ಹಳೇ ನೀರಿನ ಪೈಪಿನ ಜಾಯಿಂಟ್ ತೊಟ್ಟಿಕ್ಕುತ್ತಿತ್ತು. ಕೆಳಗಿನ ಜಲ್ಲಿ ಕೈಯಲ್ಲಿ ಹಿಡಿದರೆ ಅವಲಕ್ಕಿ ನೆನೆಸಿದ ಹಾಗೆ. ಪೈಪ್ ಸರಿಮಾಡಿ, ಆ ಭಾಗ ಪೂರ್ತಿ ತೆಗೆದು ವೆಟ್ ಮಿಕ್ಸ್ (ನೀರು ಬೆರೆಸಿದ ಜಲ್ಲಿ ಮಿಶ್ರಣ) ಹಾಕಿ ರೋಲರ್ ಹೊಡೆಸಿದ ಮೇಲೆ ಆ ರಸ್ತೆ ನಿಂತಿತು. ಅವತ್ತಿನಿಂದ ಮೊಸಳೆ ಚರ್ಮ ಕಂಡಲ್ಲೆಲ್ಲ ನನ್ನ ಮೊದಲ ಪ್ರಶ್ನೆ ಒಂದೇ: ನೀರು ಎಲ್ಲಿಂದ ಬರುತ್ತಿದೆ?

ಚೌಕ ಚೌಕವಾಗಿ, ಒಂದಡಿಯಿಂದ ಹತ್ತಡಿವರೆಗಿನ ದೊಡ್ಡ ತುಂಡುಗಳಾಗಿ ಬಿರಿದಿದ್ದರೆ ಅದು ಬೇರೆ ಕಾಯಿಲೆ. ಬಿಸಿಲಿಗೆ, ಗಾಳಿಗೆ ಡಾಂಬರು ವಯಸ್ಸಾಗಿ ಗಟ್ಟಿಯಾಗಿ ಸೀಳಿರುತ್ತದೆ. ಗಾಡಿ ಓಡಾಡದ ಜಾಗದಲ್ಲೂ ಬರುತ್ತದೆ. ಅಡಿಪಾಯ ಸಾಮಾನ್ಯವಾಗಿ ಗಟ್ಟಿಯಾಗಿಯೇ ಇರುತ್ತದೆ. ಈ ರಸ್ತೆಯನ್ನು ಬಿರುಕು ತುಂಬಿ, ಮೇಲೊಂದು ತೆಳು ಪದರ ಹಾಕಿ ಉಳಿಸಬಹುದು. ಎರಡನ್ನೂ "ಬಿರುಕು" ಅಂತ ಒಂದೇ ಕಾಲಂನಲ್ಲಿ ಬರೆದರೆ ಸಮೀಕ್ಷೆ ಮಾಡಿದ್ದೂ ಒಂದೇ ಬಿಟ್ಟಿದ್ದೂ ಒಂದೇ.

ಅಂಚಿನ ಉದ್ದಕ್ಕೂ ಸೀಳು ಬಿಟ್ಟಿದ್ದರೆ ಪಕ್ಕದ ಮಣ್ಣು ನೋಡಿ. ಗದಗ, ವಿಜಯಪುರ, ಬಾಗಲಕೋಟೆ ಕಡೆ ಎರೆ ಮಣ್ಣು. ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುತ್ತದೆ, ಅದರ ಜೊತೆ ರಸ್ತೆಯ ಅಂಚೂ ಎದ್ದು ಬಿದ್ದು ಉದ್ದಕ್ಕೆ ಬಾಯಿ ಬಿಡುತ್ತದೆ. ಕರಾವಳಿ, ಮಲೆನಾಡಿನಲ್ಲಿ ಅಂಚು ಹೋಗುವುದು ಬೇರೆ ಕಾರಣಕ್ಕೆ: ಚರಂಡಿ ಸಾಲದೆ ನೀರು ರಸ್ತೆ ಪಕ್ಕವನ್ನೇ ಕೊರೆದುಕೊಂಡು ಹೋಗಿರುತ್ತದೆ. ಕಣ್ಣಿಗೆ ಕಾಣುವುದು ಒಂದೇ, ಮದ್ದು ಬೇರೆ.

ಜಲ್ಲಿ ಏಳುವುದು ಎಲ್ಲರಿಗೂ ಗೊತ್ತು. ಚಪ್ಪಲಿಯಲ್ಲಿ ಉಜ್ಜಿದರೆ ಸಣ್ಣ ಜಲ್ಲಿ ಕಿತ್ತು ಬರುತ್ತದೆ, ರಸ್ತೆ ಪಕ್ಕ ಜಲ್ಲಿ ಸಾಲು ಕಟ್ಟಿರುತ್ತದೆ. ಹಾಕಿದ ವರ್ಷದಲ್ಲೇ ಹೀಗಾದರೆ ಡಾಂಬರು ಕಡಿಮೆ ಹಾಕಿರಬಹುದು, ಮಿಶ್ರಣ ಆರಿದ ಮೇಲೆ ರೋಲರ್ ಹೊಡೆದಿರಬಹುದು. ಫೋಟೋ ತೆಗೆದು ತಾರೀಖು ಸಮೇತ ಇಟ್ಟುಕೊಳ್ಳಿ, ಡಿಎಲ್‌ಪಿ ನೋಟಿಸ್‌ಗೆ ಬೇಕಾಗುತ್ತದೆ.

ಚಕ್ರದ ಜಾಡು ತಗ್ಗಾಗಿದೆಯಾ ಅಂತ ನೋಡಲು ಅಲ್ಯೂಮಿನಿಯಂ ಪಟ್ಟಿಯನ್ನು ರಸ್ತೆಗೆ ಅಡ್ಡ ಇಟ್ಟು, ಕೆಳಗಿನ ಸಂದಿಯನ್ನು ಸ್ಕೇಲಿನಲ್ಲಿ ಅಳೆಯಿರಿ. 10 ಮಿಲಿಮೀಟರ್ ದಾಟಿದರೆ ಬರೆದುಕೊಳ್ಳಿ, ಮಳೆಯಲ್ಲಿ ಅಲ್ಲಿ ನೀರು ನಿಲ್ಲುತ್ತದೆ, ಬೈಕಿನವರು ಜಾರುತ್ತಾರೆ. ಬಸ್ ನಿಲ್ದಾಣದ ಮುಂದೆ, ಮಾರುಕಟ್ಟೆ ಮುಂದೆ ಹೆಚ್ಚು. ಭಾರದ ಗಾಡಿ ಮಾಡುವ ಹಾನಿಯನ್ನು ನಾವು ಕಡಿಮೆ ಅಂದಾಜು ಮಾಡುತ್ತೇವೆ. ಅಮೆರಿಕದಲ್ಲಿ 1958ರಿಂದ 1960ರವರೆಗೆ ನಡೆದ ದೊಡ್ಡ ರಸ್ತೆ ಪರೀಕ್ಷೆಯಿಂದ ತಿಳಿದದ್ದು, ಗಾಡಿಯ ಅಚ್ಚಿನ (ಆಕ್ಸೆಲ್) ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗೆ ಆಗುವ ಹಾನಿ ಸುಮಾರು 16 ಪಟ್ಟಾಗುತ್ತದೆ. ಹಾಗಾಗಿ ನೂರು ಕಾರು ಓಡುವ ಬೀದಿಗಿಂತ ದಿನಕ್ಕೆ ನಾಲ್ಕು ನೀರಿನ ಟ್ಯಾಂಕರ್ ಓಡುವ ಬೀದಿ ಮೊದಲು ಕೆಡುತ್ತದೆ. ಹಾಳೆಯಲ್ಲಿ "ಟ್ಯಾಂಕರ್, ಶಾಲಾ ಬಸ್, ಕಸದ ಲಾರಿ ಓಡುತ್ತದೆಯೇ?" ಅಂತ ಒಂದು ಕಾಲಂ ಇರಲೇಬೇಕು.

ಗುಂಡಿಗೆ ಉದ್ದ, ಅಗಲ, ಆಳ ಮೂರೂ ಬರೆಯಿರಿ. "ಗುಂಡಿ 3" ಅಂತ ಸಂಖ್ಯೆ ಬರೆದರೆ ಏನೂ ಗೊತ್ತಾಗುವುದಿಲ್ಲ. ಪೈಪ್‌ಗೆ ಅಗೆದು ಮುಚ್ಚಿದ ಉದ್ದನೆಯ ತೇಪೆಗಳನ್ನು ಬೇರೆಯಾಗಿ ಅಳೆಯಿರಿ. 60 ಸೆಂಟಿಮೀಟರ್ ಅಗಲದ ಕಾಲುವೆ 50 ಮೀಟರ್ ಓಡಿದರೆ ಅದೇ 30 ಚದರ ಮೀಟರ್ ಆಯಿತು. ಹಿಂದಿನ ಉದಾಹರಣೆಯ ತುಂಡಿನಲ್ಲಾದರೆ ಸುಮಾರು ಶೇ. 11. ಹೊಸ ರಸ್ತೆ ಕೆಡುವುದು ಹಲವು ಸಲ ಇಲ್ಲಿಂದಲೇ, ಮಣ್ಣನ್ನು ಪದರ ಪದರವಾಗಿ ದಮ್ಮಸು ಮಾಡದೆ ಒಂದೇ ಸಲ ತುಂಬಿ ಮುಚ್ಚುವುದರಿಂದ.

ಕಾಂಕ್ರೀಟ್ ರಸ್ತೆ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಸಣ್ಣ ಬೀದಿಗಳಲ್ಲಿ ಅಡ್ಡ ಗೆರೆ ಕೊಯ್ಯದೆ ಉದ್ದಕ್ಕೂ ಹಾಕಿರುತ್ತಾರೆ, ಅದು ತನಗೆ ಬೇಕಾದ ಕಡೆ ಸೀಳಿಕೊಳ್ಳುತ್ತದೆ. ಕೂದಲೆಳೆ ಸೀಳಾದರೆ ಬಿಡಿ. ಮೂಲೆ ಮುರಿದು ಕುಸಿದಿದ್ದರೆ, ಒಂದು ತುಂಡಿಗಿಂತ ಪಕ್ಕದ್ದು ಕೆಳಗೆ ಇಳಿದಿದ್ದರೆ ಬರೆಯಿರಿ. ಇಂಟರ್‌ಲಾಕ್‌ನಲ್ಲಿ ತಗ್ಗು ಕಂಡರೆ ಕೆಳಗಿನ ಮರಳು ಎಲ್ಲಿಗೆ ಕೊಚ್ಚಿ ಹೋಯಿತು ಅಂತ ಹುಡುಕಿ, ಹೆಚ್ಚಾಗಿ ಪಕ್ಕದ ಚರಂಡಿ ಗೋಡೆಯಲ್ಲಿ ಒಂದು ತೂತು ಸಿಗುತ್ತದೆ.

ಚರಂಡಿ ನೋಡದೆ ರಸ್ತೆ ನೋಡಬೇಡಿ

ಡಾಂಬರಿಗೆ ನೀರಿನಷ್ಟು ದೊಡ್ಡ ಶತ್ರು ಇಲ್ಲ. ಅದಕ್ಕೇ ಪ್ರತಿ ತುಂಡಿನ ಹಾಳೆಯಲ್ಲಿ ಅರ್ಧ ಭಾಗ ನೀರಿಗೇ ಮೀಸಲಿಡಿ ಅನ್ನುತ್ತೇನೆ.

ಮೊದಲು ಇಳಿಜಾರು. ಡಾಂಬರು ರಸ್ತೆ ನಡುವೆ ಎತ್ತರ ಇದ್ದು ಎರಡೂ ಪಕ್ಕಕ್ಕೆ ಶೇ. 2ರಿಂದ 2.5ರಷ್ಟು ಇಳಿಜಾರಿರಬೇಕು. 5.5 ಮೀಟರ್ ಅಗಲದ ರಸ್ತೆಯಲ್ಲಿ ಅಂಚಿಗಿಂತ ನಡುಭಾಗ ಸುಮಾರು 5.5ರಿಂದ 7 ಸೆಂಟಿಮೀಟರ್ ಎತ್ತರ. ದಾರ ಕಟ್ಟಿ ಅಳೆಯಬಹುದು. ಅದಕ್ಕಿಂತ ಸುಲಭ, ಬಾಟಲಿ ನೀರನ್ನು ರಸ್ತೆ ನಡುವೆ ಸುರಿದು ನೋಡುವುದು. ನೀರು ಅಂಚಿನ ಕಡೆ ಹರಿಯಬೇಕು. ಅಲ್ಲೇ ನಿಂತು ಹರಡಿಕೊಂಡರೆ ಆ ತುಂಡಿಗೆ ಒಂದು ಗುರುತು ಹಾಕಿ.

ಅಂಚಿಗೆ ಬಂದ ನೀರು ಚರಂಡಿಗೆ ಇಳಿಯುತ್ತದೆಯಾ ಅನ್ನುವುದು ಮುಂದಿನ ಪ್ರಶ್ನೆ. ಎಷ್ಟೋ ಕಡೆ ಚರಂಡಿ ಗೋಡೆ ರಸ್ತೆಗಿಂತ ಎತ್ತರ, ನೀರು ಒಳಗೆ ಹೋಗಲು ಒಂದು ಕಿಂಡಿಯೂ ಇಲ್ಲ. ಇಲ್ಲವೇ ಮನೆ ಮುಂದೆ ಗಾಡಿ ಹತ್ತಿಸಲು ಹಾಕಿದ ಸ್ಲ್ಯಾಬ್ ಕೆಳಗೆ ಹೂಳು ತುಂಬಿ ಹತ್ತು ವರ್ಷ ಆಗಿರುತ್ತದೆ. ಆ ಬೀದಿ ಗುಡಿಸುವ ಪೌರಕಾರ್ಮಿಕರನ್ನು ಕೇಳಿ. "ಸಾರ್, ಈ ಚರಂಡಿ ಆ ಮೂಲೆ ಮನೆ ಹತ್ತಿರ ಕಟ್ಟಿಕೊಳ್ಳುತ್ತೆ, ಅಲ್ಲಿಂದ ವಾಪಸ್ ಬರುತ್ತೆ" ಅಂತ ಕೈ ತೋರಿಸಿ ಹೇಳುತ್ತಾರೆ. ಯಾವ ನಕ್ಷೆಯೂ ಅಷ್ಟು ಚೆನ್ನಾಗಿ ಹೇಳುವುದಿಲ್ಲ. ಅವರ ಮಾತನ್ನು ಗೌರವದಿಂದ ಕೇಳಿ, ಹಾಳೆಯಲ್ಲಿ ಬರೆಯಿರಿ.

ಇನ್ನೊಂದು ಅಳತೆ: ಮನೆಗಳ ಹೊಸ್ತಿಲಿಗಿಂತ ರಸ್ತೆ ಎಷ್ಟು ಕೆಳಗಿದೆ. ಪ್ರತಿ ಸಲ ಹಳೇ ರಸ್ತೆ ಕೆರೆಯದೆ ಮೇಲೆ ಮೇಲೆ ಹಾಕುತ್ತಾ ಹೋದರೆ ಕೊನೆಗೆ ಮಳೆನೀರು ಮನೆಯೊಳಗೆ ಬರುತ್ತದೆ. ಈಗಾಗಲೇ ಹೊಸ್ತಿಲ ಮಟ್ಟಕ್ಕೆ ಬಂದ ಬೀದಿಯಿದ್ದರೆ "ಹಳೆಯದನ್ನು ಕೆರೆದು ತೆಗೆಯದೆ ಹೊಸದು ಹಾಕಬಾರದು" ಅಂತ ಹಾಳೆಯಲ್ಲೇ ಬರೆದುಬಿಡಿ.

ಅಂಕ ಕೊಡುವುದು

ಇದಕ್ಕೆ ಸಿದ್ಧ ಪದ್ಧತಿಗಳಿವೆ. ರಸ್ತೆ ಇಂಜಿನಿಯರ್‌ಗಳ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ (ಐಆರ್‌ಸಿ) 2015ರಲ್ಲಿ ಪರಿಷ್ಕರಿಸಿದ ಐಆರ್‌ಸಿ 82 ಅನ್ನುವ ಕೈಪಿಡಿ ಡಾಂಬರು ರಸ್ತೆಗಳ ನಿರ್ವಹಣೆಗೇ ಇದೆ. ಬಿರುಕು, ಜಲ್ಲಿ ಏಳುವುದು, ಗುಂಡಿ, ತೇಪೆ, ಕುಸಿತ, ಜಾಡು ಇವುಗಳ ಪ್ರಮಾಣ ನೋಡಿ ರಸ್ತೆಯನ್ನು ಉತ್ತಮ, ಸಾಧಾರಣ, ಕಳಪೆ ಅಂತ ಮೂರಾಗಿ ವಿಂಗಡಿಸುತ್ತದೆ. ನಗರದ ರಸ್ತೆಗಳಿಗೆ ಬೇರೆ ಕೋಷ್ಟಕವೇ ಇದೆ. ಪಿಸಿಐ (ಪೇವ್‌ಮೆಂಟ್ ಕಂಡಿಷನ್ ಇಂಡೆಕ್ಸ್, ಅಂದರೆ ರಸ್ತೆ ಸ್ಥಿತಿಯ ಸೂಚ್ಯಂಕ) ಅನ್ನುವುದು ಅಮೆರಿಕದ ಸೇನೆಯ ಇಂಜಿನಿಯರ್‌ಗಳು 1970ರ ದಶಕದಲ್ಲಿ ರೂಪಿಸಿದ ಪದ್ಧತಿ. 0ಯಿಂದ 100ರವರೆಗೆ ಅಂಕ, 85ರ ಮೇಲಿದ್ದರೆ ಚೆನ್ನಾಗಿದೆ, 40ಕ್ಕಿಂತ ಕೆಳಗಿದ್ದರೆ ತುಂಬಾ ಕೆಟ್ಟಿದೆ. ನಿಖರವಾದದ್ದು, ಆದರೆ ಪ್ರತಿ ದೋಷವನ್ನೂ ಪ್ರಮಾಣ ಮತ್ತು ತೀವ್ರತೆ ನೋಡಿ ಲೆಕ್ಕ ಹಾಕಬೇಕು. ಸಣ್ಣ ಊರಿಗೆ ಮೊದಲ ಸಲ ಮಾಡುವಾಗ ಐಆರ್‌ಸಿಯ ಮೂರು ದರ್ಜೆ ಸಾಕು ಅನ್ನುವುದು ನನ್ನ ಅನುಭವ. ದೊಡ್ಡ ರಸ್ತೆಗಳಿಗೆ, ಅಡಿಪಾಯದ ಬಲ ಎಷ್ಟಿದೆ ಅಂತ ಅನುಮಾನವಿದ್ದರೆ, ಬೆಂಕಲ್‌ಮನ್ ಬೀಮ್ ಪರೀಕ್ಷೆ ಮಾಡಿಸಬಹುದು. ಭಾರ ತುಂಬಿದ ಲಾರಿಯ ಚಕ್ರದ ಕೆಳಗೆ ರಸ್ತೆ ಎಷ್ಟು ಬಗ್ಗಿ ಏಳುತ್ತದೆ ಅಂತ ಅಳೆಯುವ ಸರಳ ವಿಧಾನ ಅದು. ಎಲ್ಲ ಬೀದಿಗೂ ಬೇಕಿಲ್ಲ.

ಯಾವ ಪದ್ಧತಿ ಹಿಡಿದರೂ ಒಂದು ಕೆಲಸ ತಪ್ಪಿಸಬೇಡಿ. ಮೊದಲ ದಿನ ಎಲ್ಲ ತಂಡಗಳೂ ಒಂದೇ ರಸ್ತೆಗೆ ಹೋಗಿ, ಒಬ್ಬರದ್ದನ್ನು ಒಬ್ಬರು ನೋಡದೆ ಅಂಕ ಕೊಡಿ. ಆಮೇಲೆ ಕೂತು ಹೋಲಿಸಿ. ಒಬ್ಬರು ಸಾಧಾರಣ ಅಂದದ್ದನ್ನು ಇನ್ನೊಬ್ಬರು ಕಳಪೆ ಅಂದಿರುತ್ತಾರೆ. ಅದೇ ಜಾಗಕ್ಕೆ ಮತ್ತೆ ಹೋಗಿ, ಯಾಕೆ ಹಾಗನ್ನಿಸಿತು ಅಂತ ಮಾತಾಡಿ ಒಂದು ಮಾತಿಗೆ ಬನ್ನಿ. ಒಂದು ದಿನ ಹೋದರೂ ಪರವಾಗಿಲ್ಲ. ಇಲ್ಲದಿದ್ದರೆ 5ನೇ ವಾರ್ಡಿನ ರಸ್ತೆ ಕೆಟ್ಟದ್ದೋ, ಅಲ್ಲಿ ಅಳೆದವರು ಕಟ್ಟುನಿಟ್ಟೋ ಅಂತ ಗೊತ್ತೇ ಆಗುವುದಿಲ್ಲ.

ಫೋಟೋ ತೆಗೆಯುವಾಗ ಪ್ರತಿ ತುಂಡಿನ ಶುರುವಿನಲ್ಲಿ ನಿಂತು, ಮುಂದಕ್ಕೆ ಮುಖ ಮಾಡಿ, ಎದೆ ಎತ್ತರದಿಂದ ಒಂದು. ರಸ್ತೆ ನಂಬರು, ತಾರೀಖು ಬರೆದ ಸ್ಲೇಟು ಚೌಕಟ್ಟಿನೊಳಗೇ ಬರಲಿ. ದೋಷದ ಹತ್ತಿರದ ಫೋಟೋದಲ್ಲಿ ಪಕ್ಕಕ್ಕೆ ಸ್ಕೇಲು ಇಡಿ.

ಅಂಕದಿಂದ ಯೋಜನೆಗೆ

ಅಂಕ ಬಂದ ಕೂಡಲೇ ಕೆಟ್ಟದ್ದರಿಂದ ಒಳ್ಳೆಯದಕ್ಕೆ ಸಾಲಾಗಿ ಜೋಡಿಸಿ, ದುಡ್ಡು ಮುಗಿಯುವವರೆಗೆ ಮೇಲಿನಿಂದ ಆರಿಸಿಕೊಳ್ಳಬೇಡಿ. ಹಾಗೆ ಮಾಡಿದರೆ ಇಷ್ಟು ದಿನ ನಡೆದದ್ದೇ ವ್ಯರ್ಥ. ಬೇಕಾದ ಚಿಕಿತ್ಸೆ ನೋಡಿ ನಾಲ್ಕು ಕಂತೆ ಮಾಡಿ.

ಒಂದನೇ ಕಂತೆ ಸದ್ಯ ಏನೂ ಬೇಡದವು, ಚರಂಡಿ ಸ್ವಚ್ಛ ಇದ್ದರೆ ಸಾಕು. ಎರಡನೆಯದು ಈ ವರ್ಷವೇ ಕೈ ಹಾಕಿದರೆ ಕಡಿಮೆ ಖರ್ಚಿನಲ್ಲಿ ಉಳಿಯುವಂಥವು. ಬಿರುಕು ತುಂಬುವುದು, ಅಂಚು ಕಟ್ಟುವುದು, ಸಣ್ಣ ಗುಂಡಿಗಳನ್ನು ಚೌಕವಾಗಿ ಕತ್ತರಿಸಿ, ಸಡಿಲ ಜಲ್ಲಿ ತೆಗೆದು, ಒಣಗಿಸಿ, ಟ್ಯಾಕ್ ಕೋಟ್ (ಹಳೆಯದಕ್ಕೆ ಹೊಸದು ಅಂಟಲು ಹೊಡೆಯುವ ತೆಳು ಡಾಂಬರು) ಹೊಡೆದು ಸರಿಯಾಗಿ ತುಂಬುವುದು. ಮೂರನೆಯದು ಅಡಿಪಾಯ ಗಟ್ಟಿ ಇದ್ದು ಮೇಲ್ಪದರ ಹೋದವು, ಇವಕ್ಕೆ ಹೊಸ ಪದರ. ನಾಲ್ಕನೆಯದು ಅಡಿಪಾಯವೇ ಹೋದವು. ಇವುಗಳನ್ನು ಪೂರ್ತಿ ಅಗೆದು ಕಟ್ಟಬೇಕು, ಒಂದು ವರ್ಷ ತಡವಾದರೂ ಖರ್ಚು ಬಹಳ ಹೆಚ್ಚಾಗುವುದಿಲ್ಲ, ಯಾಕೆಂದರೆ ಕೆಡುವುದಕ್ಕೆ ಅಲ್ಲಿ ಇನ್ನೇನೂ ಉಳಿದಿಲ್ಲ. ಅಲ್ಲಿಯವರೆಗೆ ಓಡಾಡುವವರಿಗೆ ಅಪಾಯವಾಗದ ಹಾಗೆ ಗುಂಡಿ ಮಾತ್ರ ಮುಚ್ಚುತ್ತಾ ಇರಬೇಕು. ಅದನ್ನು ಬಿಡುವ ಹಾಗಿಲ್ಲ, ಗುಂಡಿಗೆ ಬಿದ್ದು ಜೀವ ಹೋಗುತ್ತದೆ.

ದುಡ್ಡು ಹಂಚುವಾಗ ಮೊದಲು ಎರಡನೇ ಕಂತೆಗೆ ತೆಗೆದಿಡಿ. ನನ್ನ ಪ್ರಕಾರ ರಸ್ತೆಗೆ ಸಿಗುವ ಒಟ್ಟು ಹಣದ ಕಾಲು ಭಾಗವಾದರೂ ಅಲ್ಲಿಗೆ ಹೋಗಬೇಕು. ಕೌನ್ಸಿಲ್ ಸಭೆಯಲ್ಲಿ "ಚೆನ್ನಾಗಿರುವ ರಸ್ತೆಗೆ ಯಾಕೆ ದುಡ್ಡು?" ಅಂತ ಕೇಳೇ ಕೇಳುತ್ತಾರೆ. ಆಗ ಮಾತಿಗಿಂತ ಫೋಟೋ ಕೆಲಸ ಮಾಡುತ್ತದೆ. ಮಳೆ ನಿಂತ ಮೇಲೆ ತೆಗೆದ ಆ ಕಪ್ಪು ಗೆರೆಗಳ ಫೋಟೋ ತೋರಿಸಿ. ಪಕ್ಕದಲ್ಲಿ, ಮೂರು ವರ್ಷದ ಹಿಂದೆ ಹಾಗೇ ಇದ್ದು ಈಗ ಪೂರ್ತಿ ಕಿತ್ತುಹೋದ ಇನ್ನೊಂದು ಬೀದಿಯದ್ದನ್ನು ಇಡಿ.

ಒಂದೇ ಕಂತೆಯೊಳಗೆ ಯಾವುದು ಮೊದಲು? ಆಸ್ಪತ್ರೆ, ಶಾಲೆ, ಬಸ್ಸು ಹೋಗುವ ರಸ್ತೆಗಳು ಮೊದಲು. ದೂರುಗಳ ಸಂಖ್ಯೆ ನೋಡಿ ತೀರ್ಮಾನ ಮಾಡಬೇಡಿ ಅಂತ ವಿಶೇಷವಾಗಿ ಕೇಳಿಕೊಳ್ಳುತ್ತೇನೆ. ಫೋನ್ ಮಾಡಿ, ಆಪ್‌ನಲ್ಲಿ ಫೋಟೋ ಹಾಕಿ ದೂರು ಕೊಡುವವರ ಬಡಾವಣೆ ಬೇರೆ, ಬೆಳಗ್ಗೆ ಐದಕ್ಕೇ ಕೂಲಿಗೆ ಹೋಗುವವರ ಕಾಲೋನಿ ಬೇರೆ. ಎರಡನೆಯವರಿಂದ ಒಂದು ದೂರೂ ಬಂದಿರುವುದಿಲ್ಲ, ರಸ್ತೆ ಮಾತ್ರ ಮೊಣಕಾಲು ಆಳ ಕೆಸರು. ನಿಮ್ಮ ಸಮೀಕ್ಷೆ ಎಲ್ಲ ಬೀದಿಗೂ ಒಂದೇ ಅಳತೆಗೋಲು ಹಿಡಿದಿರುವುದರಿಂದ ಅವರ ಪರವಾಗಿಯೂ ಮಾತಾಡುತ್ತದೆ.

ಪಟ್ಟಿ ಅಂತಿಮ ಮಾಡುವ ಮೊದಲು ಒಳಚರಂಡಿ, ಕುಡಿಯುವ ನೀರು, ಗ್ಯಾಸ್, ಕೇಬಲ್ ಇವರೆಲ್ಲರನ್ನು ಒಂದೇ ಮೇಜಿಗೆ ಕರೆದು ಒಂದೊಂದೇ ರಸ್ತೆ ಓದಿ. ಮುಂದಿನ ವರ್ಷ ಪೈಪ್ ಹಾಕುವ ಬೀದಿಗೆ ಈ ವರ್ಷ ಡಾಂಬರು ಹಾಕಬೇಡಿ. ಅವರು ಹೇಳಿದ್ದನ್ನು ಸಭಾ ನಡಾವಳಿಯಲ್ಲಿ ಬರೆಸಿ ಸಹಿ ಹಾಕಿಸಿಕೊಳ್ಳಿ. ಬಾಯಿ ಮಾತು ನಿಲ್ಲುವುದಿಲ್ಲ.

ಡಿಎಲ್‌ಪಿ ಇನ್ನೂ ಇರುವ ರಸ್ತೆಗಳಲ್ಲಿ ದೋಷ ಕಂಡಿದ್ದರೆ ಅವನ್ನು ಕ್ರಿಯಾ ಯೋಜನೆಗೆ ಸೇರಿಸಲೇಬೇಡಿ. ತುಂಡಿನ ನಂಬರು, ಅಳತೆ, ಫೋಟೋ ಸಮೇತ ಗುತ್ತಿಗೆದಾರರಿಗೆ ನೋಟಿಸ್ ಹೋಗಲಿ. ಅಳತೆ ಇರುವ ನೋಟಿಸ್‌ಗೂ "ರಸ್ತೆ ಹಾಳಾಗಿದೆ, ಸರಿಪಡಿಸಿ" ಅನ್ನುವ ಒಂದು ಸಾಲಿನ ನೋಟಿಸ್‌ಗೂ ಬರುವ ಉತ್ತರವೇ ಬೇರೆ.

ಪೂರ್ತಿ ಪಟ್ಟಿಯನ್ನು, ಅಂಕ ಮತ್ತು ಕಾರಣ ಸಮೇತ, ಪುರಸಭೆಯ ಫಲಕದಲ್ಲಿ ಹಾಕಿ, ವಾರ್ಡಿನ ವಾಟ್ಸಾಪ್ ಗುಂಪುಗಳಿಗೂ ಕಳಿಸಿ. ತಮ್ಮ ಬೀದಿ ಈ ವರ್ಷ ಯಾಕಿಲ್ಲ, ಯಾವ ವರ್ಷ ಬರುತ್ತದೆ ಅಂತ ತಿಳಿದರೆ ಜನ ಕಾಯುತ್ತಾರೆ. ನೀವು ತಪ್ಪಾಗಿ ಅಳೆದಿದ್ದರೆ ಅವರೇ ಬಂದು ತೋರಿಸುತ್ತಾರೆ, ಅದನ್ನು ತಿದ್ದಿ.

ಎರಡು ವರ್ಷಕ್ಕೊಮ್ಮೆ ಇಡೀ ಊರನ್ನು, ಎರಡನೇ ಕಂತೆಯ ರಸ್ತೆಗಳನ್ನು ಮಾತ್ರ ಪ್ರತಿ ನವೆಂಬರ್‌ನಲ್ಲಿ ಮತ್ತೆ ಸಮೀಕ್ಷೆ ಮಾಡಿ. ಹಳೇ ಫೋಟೋ ಮೊಬೈಲಿನಲ್ಲಿ ತೆರೆದು, ಅದೇ ಜಾಗದಲ್ಲಿ ಅದೇ ಕಡೆಗೆ ಮುಖ ಮಾಡಿ ನಿಂತು ಇನ್ನೊಂದು ತೆಗೆಯಿರಿ. ತುಂಬಿದ ಬಿರುಕು ಮುಚ್ಚಿಯೇ ಇದೆಯಾ, ಪಕ್ಕದಲ್ಲಿ ಹೊಸದು ಹುಟ್ಟಿದೆಯಾ ಅಂತ ನೋಡಿ, ಹಳೇ ಅಂಕದ ಪಕ್ಕದಲ್ಲೇ ಹೊಸ ಅಂಕ ಬರೆಯಿರಿ.